ಟೆಕ್ಸಾಸ್ ಬಿಸಿಲಲ್ಲಿ ಐಸ್ ಹಾಕಿ ಗೋಲಿ: ಕಣ್ಣು, ಕೋನ ಮತ್ತು ಸೊಂಟದ ಕೀಲು

ಇವತ್ತಿನ ವಿಷಯ ಗೋಲಿ. ಮಣ್ಣಲ್ಲಿ ಗುಳಿ ತೋಡಿ ಆಡ್ತಿದ್ವಲ್ಲ, ಆ ಗೋಲಿ ಅಲ್ಲ. ಐಸ್ ಹಾಕಿಯಲ್ಲಿ ಗೋಲ್ ಕಾಯೋರನ್ನ ಅಮೆರಿಕದಲ್ಲಿ ಕರೆಯೋದೇ ಗೋಲಿ ಅಂತ. ಡಾಲಸ್ ಹತ್ತಿರದ ಪ್ಲೇನೋ, ಫ್ರಿಸ್ಕೋ. ಹ್ಯೂಸ್ಟನ್ ಕಡೆಯ ಶುಗರ್ ಲ್ಯಾಂಡ್. ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್. ಕನ್ನಡದ ಮನೆಗಳು ಬೇಕಾದಷ್ಟಿರೋ ಊರುಗಳಿವು, ಐಸ್ ಹಾಕಿ ಇರೋ ಊರುಗಳೂ ಹೌದು. ಆಗಸ್ಟ್ ತಿಂಗಳಲ್ಲಿ ಹೊರಗೆ 40 ಡಿಗ್ರಿ ಸುಡ್ತಿರುತ್ತೆ, ಒಳಗೆ ಮಕ್ಕಳು ಸೊನ್ನೆಗಿಂತ ಕೆಳಗಿನ ಮಂಜುಗಡ್ಡೆ ಮೇಲೆ ಜಾರ್ತಿರ್ತಾರೆ. ಆಟ ಮುಗಿದ ಮೇಲೆ ಆ ಬೆವರಿನ ಬ್ಯಾಗನ್ನ ಕಾರಿನ ಡಿಕ್ಕಿಯಲ್ಲಿ ಒಂದು ದಿನ ಮರೆತರೆ ಏನಾಗುತ್ತೆ ಅನ್ನೋದು ಬೇರೆಯದೇ ವಿಜ್ಞಾನ, ಅದನ್ನ ಇವತ್ತು ಬಿಡೋಣ.

ಒಂಬತ್ತು ವರ್ಷದ ಮಗು ಮನೆಗೆ ಬಂದು "ಅಮ್ಮಾ, ನಾನು ಗೋಲಿ ಆಗ್ತೀನಿ" ಅಂದ್ರೆ ಸುತ್ತಲಿನವರು ಸಾಮಾನ್ಯವಾಗಿ ಏನಂತಾರೆ? "ಅವಳ ರಿಫ್ಲೆಕ್ಸ್ ಚೆನ್ನಾಗಿದೆ ಕಣ್ರೀ, ಒಳ್ಳೆ ಗೋಲಿ ಆಗ್ತಾಳೆ." ರಿಫ್ಲೆಕ್ಸ್, ಅಂದ್ರೆ ತಟ್ಟನೆ ಕೈಕಾಲು ಆಡಿಸೋ ವೇಗ. ಈ ನಂಬಿಕೆಯಿಂದಲೇ ಶುರು ಮಾಡೋಣ, ಯಾಕಂದ್ರೆ ಮಕ್ಕಳಿಗೆ ಏನು ಕಲಿಸ್ತಾರೆ, ಎಷ್ಟು ಕಲಿಸ್ತಾರೆ, ಅವರ ದೇಹದ ಮೇಲೆ ಏನು ಹೊರಿಸ್ತಾರೆ ಅನ್ನೋದೆಲ್ಲ ಇದರ ಮೇಲೆ ನಿಂತಿದೆ.

ಲೆಕ್ಕ ಹಾಕಿ ನೋಡಿ. ಪಕ್ ಅಂದ್ರೆ ಗಟ್ಟಿ ರಬ್ಬರಿನ ಬಿಲ್ಲೆ. 3 ಇಂಚು ಅಗಲ, 1 ಇಂಚು ದಪ್ಪ, ತೂಕ ಸುಮಾರು 160 ಗ್ರಾಂ, ಕ್ರಿಕೆಟ್ ಚೆಂಡಿನಷ್ಟೇ. ವೃತ್ತಿಪರರು ಜೋರಾಗಿ ಬೀಸಿದರೆ ಅದು ಗಂಟೆಗೆ 160 ಕಿ.ಮೀ. ಮುಟ್ಟುತ್ತೆ, ಅಂದ್ರೆ ಸೆಕೆಂಡಿಗೆ ಸುಮಾರು 44 ಮೀಟರ್. 9 ಮೀಟರ್ ದೂರದಿಂದ ಹೊಡೆದರೆ ಬಲೆ ತಲುಪೋಕೆ 0.2 ಸೆಕೆಂಡ್. ಬೆಳಕು ಹತ್ತಿದ ತಕ್ಷಣ ಗುಂಡಿ ಒತ್ತೋಕೇ ನಮ್ಮ ನಿಮ್ಮಂಥವರಿಗೆ 0.2 ಸೆಕೆಂಡ್ ಬೇಕು. ಕಾಲು ಚಾಚೋದು, ಕೈ ಎತ್ತೋದು ಅದಾದ ಮೇಲಿನ ಮಾತು. ಮಕ್ಕಳ ಆಟದಲ್ಲಿ ಏನೂ ಸಲೀಸಿಲ್ಲ. 12 ವರ್ಷದ ಮಗು ಗಂಟೆಗೆ 70 ಕಿ.ಮೀ. ವೇಗದಲ್ಲಿ 6 ಮೀಟರ್ ದೂರದಿಂದ ಹೊಡೀತು ಅಂದುಕೊಳ್ಳಿ, 0.3 ಸೆಕೆಂಡ್ ಸಿಗುತ್ತೆ ಅಷ್ಟೇ. ಕ್ರಿಕೆಟ್‌ನಲ್ಲಿ 140 ಕಿ.ಮೀ. ವೇಗದ ಬೌಲರ್ ಎದುರು ನಿಂತ ಬ್ಯಾಟ್ಸ್‌ಮನ್‌ಗೆ ಹತ್ತಿರಹತ್ತಿರ ಅರ್ಧ ಸೆಕೆಂಡ್ ಸಿಗುತ್ತೆ, ಅದಕ್ಕಿಂತಲೂ ಇದು ಕಮ್ಮಿ.

ಹಾಗಾದ್ರೆ ಗೋಲಿಗಳು ತಡೆಯೋದು ಹೇಗೆ? ಹೊಡೆತಕ್ಕೆ ಮುಂಚೆಯೇ ಅರ್ಧ ಕೆಲಸ ಮುಗಿಸಿರ್ತಾರೆ. 1979ರಲ್ಲಿ ಕೆನಡಾದ ಸಾಲ್ಮೆಲಾ ಮತ್ತು ಫಿಯೋರಿಟೋ ಎಂಬ ಸಂಶೋಧಕರು ಎಳೆಯ ಗೋಲಿಗಳಿಗೆ ಹೊಡೆತಗಳ ಚಿತ್ರ ತೋರಿಸಿದರು. ಕೋಲು ಪಕ್‌ಗೆ ತಾಗೋ ಮುಂಚೆಯೇ ಚಿತ್ರ ನಿಲ್ಲಿಸಿ, ಎಲ್ಲಿಗೆ ಹೋಗುತ್ತೆ ಹೇಳಿ ಅಂದರು. ಹುಡುಗರು ಬರೀ ಊಹೆಗಿಂತ ಚೆನ್ನಾಗಿ ಹೇಳಿದರು. ಹೊಡೆಯೋನ ಭುಜ, ಸೊಂಟ, ಕೋಲಿನ ಅಲಗು ಮುಂಚೆಯೇ ಸುಳಿವು ಕೊಟ್ಟುಬಿಟ್ಟಿರುತ್ತೆ. 2006ರಲ್ಲಿ ಕ್ಯಾಲ್ಗರಿ ವಿಶ್ವವಿದ್ಯಾಲಯದ ಡೆರೆಕ್ ಪಾಂಚುಕ್ ಮತ್ತು ಜೋನ್ ವಿಕರ್ಸ್ ಗೋಲಿಗಳ ಕಣ್ಣಿನ ಚಲನೆಯನ್ನ ಮಂಜುಗಡ್ಡೆ ಮೇಲೇ ಅಳೆದರು. ಒಳ್ಳೆ ಗೋಲಿಗಳ ಕಣ್ಣು ಹೆಚ್ಚಾಗಿ ಪಕ್ ಮತ್ತು ಕೋಲಿನ ಮೇಲೆ ನೆಟ್ಟಿತ್ತು, ಹೊಡೆತಕ್ಕೆ ಸುಮಾರು ಒಂದು ಸೆಕೆಂಡ್ ಮುಂಚೆಯಿಂದಲೇ. ತಡೆದ ಹೊಡೆತಗಳಲ್ಲಿ ಈ ನಿಶ್ಚಲ ನೋಟ ಉದ್ದ, ಒಳಗೆ ಹೋದ ಹೊಡೆತಗಳಲ್ಲಿ ಚಿಕ್ಕದು. ವಿಕರ್ಸ್ ಇದಕ್ಕಿಟ್ಟ ಹೆಸರು 'ಕ್ವೈಟ್ ಐ'. ನಾವು ಶಾಂತ ಕಣ್ಣು ಅನ್ನಬಹುದು.

ಇದರಿಂದ ತರಬೇತಿಗೆ ಏನು ಸಿಗುತ್ತೆ? ಹೊಡೆತದ ಹೊತ್ತಿಗೆ ಗೋಲಿ ನಿಂತಿರಬೇಕು. ಜಾರ್ತಾ, ತೂಗಾಡ್ತಾ ಇದ್ದರೆ ತಲೆ ಅಲ್ಲಾಡುತ್ತೆ, ತಲೆ ಅಲ್ಲಾಡಿದರೆ ನೋಟ ನಿಲ್ಲಲ್ಲ. ಅದಕ್ಕೇ ಒಳ್ಳೆ ಗೋಲಿ ಕೋಚ್‌ಗಳು ಎಳೆಯ ಮಕ್ಕಳಿಗೆ ತಿಂಗಳುಗಟ್ಟಲೆ ಹೊಡೆತ ತಡೆಯೋದನ್ನಲ್ಲ, ಸ್ಕೇಟಿಂಗ್ ಕಲಿಸ್ತಾರೆ. ಒಂದು ಕಾಲಿನ ಪಾದ ತಿರುಗಿಸಿ ಇನ್ನೊಂದರಿಂದ ನೂಕಿ ಅಡ್ಡಕ್ಕೆ ಸರಿಯೋ ಟೀ-ಪುಶ್, ಎದೆ ಪಕ್ ಕಡೆಗೇ ಇಟ್ಟುಕೊಂಡು ಪುಟ್ಟಪುಟ್ಟದಾಗಿ ಸರಿಯೋ ಶಫಲ್, ಆಮೇಲೆ ಗಕ್ಕನೆ ನಿಲ್ಲೋದು. ನೋಡೋರಿಗೆ ಬೇಜಾರು. ಗ್ಯಾಲರಿಯಲ್ಲಿ ಕೂತ ಅಪ್ಪ ಅಮ್ಮಂದಿರಿಗೆ "ದುಡ್ಡು ಕೊಟ್ಟಿದ್ದು ಇದಕ್ಕಾ?" ಅನ್ನಿಸುತ್ತೆ. ನನ್ನ ಕೇಳಿದರೆ, ಮೊದಲ ಎರಡು ವರ್ಷ ದುಡ್ಡು ಕೊಡಬೇಕಾದ್ದು ಇದಕ್ಕೇ.

ಎರಡನೆಯದು ಕೋನ. ಇದು ಹೈಸ್ಕೂಲಿನ ಸಮರೂಪ ತ್ರಿಭುಜದ ಪಾಠ. ಗೋಲ್ 183 ಸೆಂ.ಮೀ. ಅಗಲ, 122 ಸೆಂ.ಮೀ. ಎತ್ತರ. ಕೊಡಗಿನ ಮೈದಾನಗಳಲ್ಲಿ ನಾವು ನೋಡೋ ಹಾಕಿಯ ಗೋಲಿಗಿಂತ ಅಗಲದಲ್ಲಿ ಸರಿಯಾಗಿ ಅರ್ಧ. ಪ್ಯಾಡ್ ಕಟ್ಟಿದ ಮಗುವಿನ ಅಗಲ 75 ಸೆಂ.ಮೀ. ಅಂತಿಟ್ಟುಕೊಳ್ಳಿ. ಪಕ್ 9 ಮೀಟರ್ ದೂರದಲ್ಲಿ, ನಟ್ಟನಡುವೆ ಇದೆ. ಮಗು ಗೋಲ್ ಗೆರೆ ಮೇಲೇ ನಿಂತರೆ ಮುಚ್ಚೋದು 75 ಸೆಂ.ಮೀ. ಒಂದೂವರೆ ಮೀಟರ್ ಮುಂದೆ ಬಂದರೆ? ಪಕ್ ಇರೋ ಜಾಗದಲ್ಲಿ ಒಂದು ದೀಪ ಇಟ್ಟಿದ್ದೀವಿ ಅಂದುಕೊಳ್ಳಿ, ಮಗುವಿನ ನೆರಳು ಗೋಲ್ ಗೆರೆ ಮೇಲೆ 90 ಸೆಂ.ಮೀ. ಬೀಳುತ್ತೆ. ಮೂರು ಮೀಟರ್ ಮುಂದೆ ಬಂದರೆ 112. ಮಗು ಬೆಳೆಯಲಿಲ್ಲ, ವೇಗ ಹೆಚ್ಚಲಿಲ್ಲ, ಬರೀ ಎರಡು ಹೆಜ್ಜೆ ಮುಂದೆ ಬಂತು.

ಹಾಗಂತ ಮುಂದೆ ಬರ್ತಾನೇ ಇರೋ ಹಾಗೂ ಇಲ್ಲ. ಪಕ್ಕದಲ್ಲಿ ಇನ್ನೊಬ್ಬ ಆಟಗಾರನಿಗೆ ಪಾಸ್ ಕೊಟ್ಟರೆ ಆ ಮೂರು ಮೀಟರ್ ವಾಪಸ್ ಓಡಬೇಕು. ಎಷ್ಟು ಮುಂದೆ ನಿಲ್ಲಬೇಕು ಅನ್ನೋದು ಪ್ರತಿ ಕ್ಷಣದ ತೀರ್ಮಾನ, ಇದನ್ನೇ ಡೆಪ್ತ್ ಅಂತಾರೆ. ಕಲಿಸೋಕೆ ಹಳೆಯ, ಅಗ್ಗದ ಉಪಾಯ ಒಂದಿದೆ. ಎರಡೂ ಗೋಲ್ ಕಂಬಗಳಿಗೆ ಹಗ್ಗ ಕಟ್ಟಿ, ಎರಡರ ತುದಿಯನ್ನೂ ಪಕ್ ಇರೋ ಜಾಗಕ್ಕೆ ಎಳೆದು ಹಿಡಿಯೋದು. ಮಗು ಆ ತ್ರಿಕೋನದೊಳಗೆ ಹಿಂದೆ ಮುಂದೆ ಸರಿದು ನೋಡುತ್ತೆ. ಇನ್ನೊಂದು, ಪಕ್ ಪಕ್ಕ ಮಂಜುಗಡ್ಡೆ ಮೇಲೆ ಫೋನ್ ಇಟ್ಟು ಫೋಟೋ ತೆಗೆಯೋದು. ಹೊಡೆಯೋನ ಕಣ್ಣಿಗೆ ಕಾಣೋ ಗೋಲ್ ಬೇರೆ, ನೆಲದಲ್ಲಿರೋ ಪಕ್‌ಗೆ ಕಾಣೋ ಗೋಲ್ ಬೇರೆ. ಆ ಫೋಟೋ ನೋಡಿದ ಮಗುವಿಗೆ ಆಮೇಲೆ ವಿವರಣೆ ಬೇಕಾಗಲ್ಲ.

ಎತ್ತರಕ್ಕೂ ಇದೇ ಲೆಕ್ಕ ಅನ್ವಯಿಸುತ್ತೆ, ಇಲ್ಲೇ ಒಂದು ತೊಡಕು ಹುಟ್ಟೋದು. ಇವತ್ತಿನ ಗೋಲಿಗಳ ಮೂಲ ಭಂಗಿ ಬಟರ್‌ಫ್ಲೈ, ಚಿಟ್ಟೆ. ಮಂಡಿಯೂರಿ ತೊಡೆಗಳನ್ನ ಒಳಕ್ಕೆ ತಿರುಗಿಸಿ, ಮೊಣಕಾಲ ಕೆಳಗಿನ ಭಾಗವನ್ನ ರೆಕ್ಕೆ ಹಾಗೆ ಎರಡೂ ಕಡೆ ಹೊರಚಾಚೋದು. ಕೆಳಗಿನ ಅಂಚು ಪೂರ್ತಿ ಮುಚ್ಚುತ್ತೆ. ಗ್ಲೆನ್ ಹಾಲ್, ಟೋನಿ ಎಸ್ಪೊಸಿಟೋ ಶುರು ಮಾಡಿದ್ದು, ಪ್ಯಾಟ್ರಿಕ್ ರುವಾ ಮತ್ತು ಅವರ ಕೋಚ್ ಫ್ರಾನ್ಸ್ವಾ ಅಲೇರ್ ಇದನ್ನ ಜಗತ್ತಿಗೇ ಹಬ್ಬಿಸಿದರು. ಆದರೆ ಮಂಡಿಯೂರಿದಾಗ 95 ಸೆಂ.ಮೀ. ಎತ್ತರ ಉಳಿಯೋ ಮಗು ಗೆರೆ ಮೇಲೇ ಕುಸಿದರೆ ತಲೆ ಮೇಲೆ 27 ಸೆಂ.ಮೀ. ಖಾಲಿ. ಒಂದೂವರೆ ಮೀಟರ್ ಮುಂದೆ ಬಂದು ಕೂತರೆ, 9 ಮೀಟರ್ ದೂರದ ಹೊಡೆತಕ್ಕೆ 8 ಸೆಂ.ಮೀ. ಮಾತ್ರ ಖಾಲಿ. ಟಿವಿಯಲ್ಲಿ ನೋಡಿದ ದೊಡ್ಡವರನ್ನ ನಕಲು ಮಾಡಿ ಪ್ರತಿ ಹೊಡೆತಕ್ಕೂ ತಟ್ಟನೆ ಕುಸಿಯೋ ಮಕ್ಕಳು ಗೋಲ್ ಬಿಡೋದು ಇಲ್ಲಿ. 201 ಸೆಂ.ಮೀ. ಎತ್ತರದ ಬೆನ್ ಬಿಷಪ್‌ಗೆ ಒಗ್ಗಿದ್ದು ನಾಲ್ಕೂವರೆ ಅಡಿ ಮಗುವಿಗೆ ಒಗ್ಗಲ್ಲ. ಅಂದ ಹಾಗೆ ಬಿಷಪ್ ಹುಡುಗನಾಗಿದ್ದಾಗ ಉತ್ತರ ಟೆಕ್ಸಾಸ್‌ನ ಟೆಕ್ಸಾಸ್ ಟಾರ್ನೆಡೋ ಎಂಬ ಜೂನಿಯರ್ ತಂಡಕ್ಕೆ ಆಡಿದವರು, ಮುಂದೆ ಡಾಲಸ್ ಸ್ಟಾರ್ಸ್ ಗೋಲಿಯಾದರು.

ಬಟರ್‌ಫ್ಲೈ ವಿಷಯದಲ್ಲಿ ಗೋಲ್ ಬಿಡೋದಕ್ಕಿಂತ ದೊಡ್ಡ ಚಿಂತೆ ಸೊಂಟದ ಕೀಲು. ತೊಡೆಮೂಳೆಯ ಮೇಲ್ತುದಿ ಒಂದು ಚೆಂಡು, ಅದು ಸೊಂಟದ ಮೂಳೆಯ ಬಟ್ಟಲಲ್ಲಿ ಕೂತಿರುತ್ತೆ. ಬೆಳೆಯೋ ವಯಸ್ಸಲ್ಲಿ ಚೆಂಡಿನ ಬುಡದಲ್ಲಿ ಮೃದ್ವಸ್ಥಿಯ ಒಂದು ಪದರ ಇರುತ್ತೆ, ಗ್ರೋತ್ ಪ್ಲೇಟ್. ಮೂಳೆ ಉದ್ದ ಆಗೋದು ಅಲ್ಲಿಂದ. ಸೊಂಟ ಬಗ್ಗಿಸಿ ತೊಡೆಯನ್ನ ಒಳಕ್ಕೆ ತಿರುಗಿಸೋ ಒತ್ತಡ ಆ ಜಾಗದ ಮೇಲೆ ಮತ್ತೆಮತ್ತೆ ಬಿದ್ದರೆ ಮೂಳೆ ತಾನೇ ದಪ್ಪ ಬೆಳೆದು ಉಬ್ಬುತ್ತೆ ಅನ್ನೋದು ಈಗಿನ ತಿಳಿವಳಿಕೆ. ಚೆಂಡು ಗುಂಡಗಿರೋ ಬದಲು ಒಂದು ಬದಿ ಉಬ್ಬಿಕೊಂಡು ಬಟ್ಟಲಿನ ಅಂಚಿಗೆ ಉಜ್ಜುತ್ತೆ. ವೈದ್ಯರು ಇದನ್ನ ಕ್ಯಾಮ್ ಇಂಪಿಂಜ್‌ಮೆಂಟ್ ಅಂತಾರೆ. ವರ್ಷಗಳು ಕಳೆದಂತೆ ಬಟ್ಟಲಿನ ಅಂಚಿನ ಮೆತ್ತನೆ ಉಂಗುರ ಹರಿಯಬಹುದು, ಮೃದ್ವಸ್ಥಿ ಸವೆಯಬಹುದು.

2013ರಲ್ಲಿ ಕೊಲೊರಾಡೋದ ಸೊಂಟದ ಶಸ್ತ್ರವೈದ್ಯ ಮಾರ್ಕ್ ಫಿಲಿಪಾನ್ ಮತ್ತು ಸಂಗಡಿಗರು 10ರಿಂದ 18 ವರ್ಷದ ಹಾಕಿ ಆಟಗಾರರನ್ನ ಅದೇ ವಯಸ್ಸಿನ ಸ್ಕೀ ಆಟಗಾರರ ಜೊತೆ ಹೋಲಿಸಿದರು. ಈ ಉಬ್ಬನ್ನ ಅಳೆಯೋ ಕೋನ ಮಿತಿ ಮೀರಿದ್ದು ಹಾಕಿ ಮಕ್ಕಳಲ್ಲಿ ನೂರಕ್ಕೆ 75, ಸ್ಕೀ ಮಕ್ಕಳಲ್ಲಿ 42. ಹಾಕಿ ಮಕ್ಕಳಲ್ಲಿ ವಯಸ್ಸು ಏರಿದಂತೆ ಕೋನವೂ ಏರಿತ್ತು. ಗಮನಿಸಿ, ಇವರು ನೋವಿದೆ ಅಂತ ಬಂದ ಮಕ್ಕಳಲ್ಲ. ಉಬ್ಬು ಇದ್ದವರಿಗೆಲ್ಲ ನೋವು ಬರುತ್ತೆ ಅಂತಲೂ ಅಲ್ಲ, ಎಷ್ಟೋ ಜನ ಏನೂ ಆಗದೆ ಬದುಕು ಕಳೀತಾರೆ. ಗಾಬರಿ ಬೇಡ. ಆದರೆ ಬೆಳೆಯೋ ವಯಸ್ಸಲ್ಲಿ ಎಷ್ಟು ಸಲ ಈ ಭಂಗಿಗೆ ಬೀಳ್ತಾರೆ ಅನ್ನೋದಕ್ಕೆ ಬೆಲೆ ಇದೆ ಅಂತ ಒಪ್ಪಲೇಬೇಕು.

ಬೇಸ್‌ಬಾಲ್ ಹುಚ್ಚಿನ ಟೆಕ್ಸಾಸ್‌ನಲ್ಲಿ ಇದನ್ನ ವಿವರಿಸೋದು ಸುಲಭ. ಲಿಟಲ್ ಲೀಗ್ ಬೇಸ್‌ಬಾಲ್‌ನಲ್ಲಿ 11-12 ವರ್ಷದ ಮಗು ಒಂದು ದಿನಕ್ಕೆ 85ಕ್ಕಿಂತ ಹೆಚ್ಚು ಚೆಂಡು ಎಸೆಯೋ ಹಾಗಿಲ್ಲ, ಯಾರೋ ಒಬ್ಬರು ಕೂತು ಎಣಿಸ್ತಾರೆ. ಭುಜ ಮೊಣಕೈ ಉಳೀಲಿ ಅಂತ. ಗೋಲಿ ಮಗು ಒಂದು ಅಭ್ಯಾಸದಲ್ಲಿ ಎಷ್ಟು ಸಲ ಮಂಡಿಗೆ ಬಿತ್ತು ಅಂತ ಎಣಿಸೋರು ಸಾಮಾನ್ಯವಾಗಿ ಯಾರೂ ಇಲ್ಲ. ತಂಡದ ಅಭ್ಯಾಸ ಹೇಗಿರುತ್ತೆ ನೋಡಿ: ಹದಿನೈದು ಮಕ್ಕಳು ಸಾಲಾಗಿ ನಿಂತು ಮೂರು ಮೂರು ಸೆಕೆಂಡಿಗೆ ಒಬ್ಬೊಬ್ಬರು ಹೊಡೀತಾರೆ. ಗೋಲಿ ಬೀಳ್ತಾ ಏಳ್ತಾ ಇರುತ್ತೆ. ಕೋನ ಸರಿಮಾಡಿಕೊಳ್ಳೋಕೆ ಹೊತ್ತಿಲ್ಲ, ಶಾಂತ ಕಣ್ಣಿಗೆ ಬೇಕಾದ ಆ ಒಂದು ಸೆಕೆಂಡೂ ಇಲ್ಲ. ಹೊಡೆಯೋ ಮಕ್ಕಳಿಗೆ ಅಭ್ಯಾಸ, ಗೋಲಿಗೆ ಬರೀ ಸವೆತ. ಮಕ್ಕಳ ತಂಡದ ಕೋಚ್‌ಗಳಲ್ಲಿ ಬಹಳ ಜನ ತಾವು ಗೋಲಿಯಾಗಿ ಆಡಿದವರಲ್ಲ, ಅದಕ್ಕೇ ಹೀಗಾಗೋದು. ಅವರದ್ದು ಕೆಟ್ಟ ಮನಸ್ಸೇನಲ್ಲ. ಒಬ್ಬ ಹೊಡೆದ ಮೇಲೆ ಗೋಲಿ ಎದ್ದು, ಮುಂದಿನ ಜಾಗಕ್ಕೆ ಸರಿದು, ನಿಂತು, ತಲೆಯಾಡಿಸಿದ ಮೇಲಷ್ಟೇ ಇನ್ನೊಬ್ಬ ಹೊಡೆಯಲಿ ಅಂತ ಅಪ್ಪ ಅಮ್ಮಂದಿರು ಕೇಳಬಹುದು, ಕೇಳಲೇಬೇಕು. ಹೊಡೆತಗಳ ಸಂಖ್ಯೆ ಅರ್ಧವಾಗುತ್ತೆ, ಕಲಿಕೆ ಹೆಚ್ಚುತ್ತೆ.

ಕೂತೆದ್ದಾಗ ತೊಡೆಸಂದಿನಲ್ಲಿ ಚಳಕು, ಬೂಟಿನ ಲೇಸ್ ಕಟ್ಟೋಕೆ ಬಗ್ಗಿದಾಗ ಮುಂಭಾಗದಲ್ಲಿ ಹಿಡಿದ ಹಾಗಾಗೋದು, ಒಂದು ಕಾಲು ಇನ್ನೊಂದರಷ್ಟು ಒಳಕ್ಕೆ ತಿರುಗದಿರೋದು. ಈ ಮೂರರಲ್ಲಿ ಯಾವುದಾದರೂ ವಾರಗಟ್ಟಲೆ ಉಳಿದರೆ ಕ್ರೀಡಾ ವೈದ್ಯರಿಗೆ ತೋರಿಸಬೇಕು. ವಜ್ರಾಸನದಲ್ಲಿ ಕೂತು ಪಾದ ಹೊರಚಾಚಿ ಬಲವಂತವಾಗಿ ಎಳೆದರೆ ಸರಿಹೋಗುತ್ತೆ ಅನ್ನೋ ಸಲಹೆ ನಮ್ಮವರಲ್ಲಿ ಬೇಗ ಬರುತ್ತೆ. ಮೂಳೆಗೆ ಮೂಳೆ ತಾಗ್ತಿರೋ ಕಡೆ ಎಳೆತ ಕೆಲಸ ಮಾಡಲ್ಲ, ಇನ್ನಷ್ಟು ಉಜ್ಜುತ್ತೆ.

ಅಮೆರಿಕದ ಹಾಕಿ ಆಡಳಿತ ಸಂಸ್ಥೆ ಯುಎಸ್‌ಎ ಹಾಕಿ 2009ರಲ್ಲಿ ತಂದ ಅಮೆರಿಕನ್ ಡೆವಲಪ್‌ಮೆಂಟ್ ಮಾಡೆಲ್ ಇದಕ್ಕೆಲ್ಲ ಸ್ವಲ್ಪ ಮಟ್ಟಿಗೆ ಉತ್ತರ. 8 ವರ್ಷದೊಳಗಿನವರು ಪೂರ್ತಿ ರಿಂಕ್ ಬದಲು ಅಡ್ಡಡ್ಡ, ಚಿಕ್ಕ ಜಾಗದಲ್ಲಿ ಆಡ್ತಾರೆ. ಅವರಿಗೆ ಹಗುರವಾದ ನೀಲಿ ಪಕ್ ಇದೆ, ಸುಮಾರು 113 ಗ್ರಾಂ. ಆ ವಯಸ್ಸಲ್ಲಿ ಕಾಯಂ ಗೋಲಿ ಬೇಡ, ಎಲ್ಲರೂ ಸರದಿಯಲ್ಲಿ ನಿಲ್ಲಲಿ ಅನ್ನೋದು ಸಲಹೆ. ಅದಕ್ಕಂತಲೇ ಮಾಮೂಲು ಉಡುಪಿನ ಮೇಲೆ ಒಂದೆರಡು ನಿಮಿಷದಲ್ಲಿ ಕಟ್ಟಿ ಬಿಚ್ಚಬಹುದಾದ ಪ್ಯಾಡ್‌ಗಳೂ ಬಂದಿವೆ. ವರ್ಷಪೂರ್ತಿ ಒಂದೇ ಆಟ ಬೇಡ, ಬೇರೆ ಆಟಗಳೂ ಇರಲಿ ಅಂತಲೂ ಆ ಮಾದರಿ ಹೇಳುತ್ತೆ.

ಬೇರೆ ಆಟ ಅಂದಾಗ ನಮ್ಮ ಮನೆಗಳಿಗೆ ದಾರಿ ತೋರಿಸಬೇಕಾಗಿಲ್ಲ. ಡಾಲಸ್ ಹತ್ತಿರದ ಗ್ರ್ಯಾಂಡ್ ಪ್ರೇರಿಯಲ್ಲಿ 2024ರ ಜೂನ್ 6ರಂದು ಅಮೆರಿಕ ತಂಡ ಪಾಕಿಸ್ತಾನವನ್ನ ಸೋಲಿಸಿದಾಗ ಮೂರು ವಿಕೆಟ್ ತೆಗೆದದ್ದು ಚಿಕ್ಕಮಗಳೂರಿನ ಕಾಫಿ ತೋಟದ ನಂಟಿನ ನೋಸ್ತುಷ್ ಕೆಂಜಿಗೆ. ಸ್ಲಿಪ್‌ನಲ್ಲಿ ನಿಂತು ಕ್ಯಾಚ್ ಹಿಡಿಯೋದು, ವಿಕೆಟ್ ಕೀಪಿಂಗ್ ಮಾಡೋದು ಗೋಲಿ ಮಗುವಿಗೆ ಒಳ್ಳೆ ಅಭ್ಯಾಸ. ಎದುರಿನವನ ಕೈ ಓದೋದು, ತಲೆ ಅಲ್ಲಾಡಿಸದೆ ನೋಡೋದು, ಚೆಂಡು ಕೈ ಸೇರೋವರೆಗೂ ಕಣ್ಣು ಬಿಡದಿರೋದು ಅಲ್ಲೂ ಇದೆ, ಸೊಂಟಕ್ಕೆ ಮಾತ್ರ ಬೇರೆ ಕೆಲಸ. ಮಿನುಗೋ ದೀಪಗಳ ಗುಂಡಿ ಒತ್ತೋ ದುಬಾರಿ ಯಂತ್ರಗಳ ಬಗ್ಗೆ ನನಗೆ ಅಷ್ಟು ಗೌರವ ಇಲ್ಲ. ಅವುಗಳಿಂದ ಮುಖ್ಯವಾಗಿ ಹೆಚ್ಚೋದು ಗುಂಡಿ ಒತ್ತೋ ಕೌಶಲ.

ಟೆಕ್ಸಾಸ್‌ಗೆ ಈ ಆಟ ಬಂದ ದಾರಿಯೂ ವಿಚಿತ್ರ. 1973ರಲ್ಲಿ 45 ವರ್ಷದ ಗೋರ್ಡಿ ಹೌ ತಮ್ಮ ಇಬ್ಬರು ಮಕ್ಕಳಾದ ಮಾರ್ಕ್, ಮಾರ್ಟಿ ಜೊತೆ ಹ್ಯೂಸ್ಟನ್ ಏರೋಸ್ ತಂಡಕ್ಕೆ ಆಡಿದರು. ಅದೇ ಹೆಸರಿನ ಇನ್ನೊಂದು ತಂಡ ಆಮೇಲೆ ಬಂದು 2013ರಲ್ಲಿ ಅಯೋವಾಕ್ಕೆ ಹೋಯಿತು. ಡಾಲಸ್ ಸ್ಟಾರ್ಸ್ 1993ರಲ್ಲಿ ಮಿನ್ನೆಸೋಟದಿಂದ ವಲಸೆ ಬಂದ ತಂಡ, ನಮ್ಮ ಹಾಗೇ. ಅವರ ಎರಡನೇ ದರ್ಜೆಯ ತಂಡ ಟೆಕ್ಸಾಸ್ ಸ್ಟಾರ್ಸ್ 2009ರಿಂದ ಸೀಡರ್ ಪಾರ್ಕಿನಲ್ಲಿದೆ. ಡಾಲಸ್ ಸುತ್ತ ಸ್ಟಾರ್ಸ್ ನಡೆಸೋ ಹಲವು ರಿಂಕ್‌ಗಳಿವೆ. ಹ್ಯೂಸ್ಟನ್, ಆಸ್ಟಿನ್‌ನಲ್ಲಿ ಐಸ್ ಕಡಿಮೆ, ಪಂದ್ಯಕ್ಕೆ ಅಂತ ವಾರಾಂತ್ಯದಲ್ಲಿ 300-400 ಕಿ.ಮೀ. ಕಾರು ಓಡಿಸೋದು ಮಾಮೂಲು. ಐಸ್ ಕಡಿಮೆ ಇರೋ ಕಡೆ ಗೋಲಿಗೆ ಬೇರೆ ಹೊತ್ತು ಸಿಗೋದು ಇನ್ನೂ ಕಡಿಮೆ. ಆದರೂ ಬಿಸಿಲ ನಾಡಿನಿಂದ ಗೋಲಿ ಬರಲ್ಲ ಅನ್ನೋ ಹಾಗಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ಡಸ್ಟಿನ್ ವುಲ್ಫ್, ಸುಮಾರು 183 ಸೆಂ.ಮೀ. ಎತ್ತರ, ಇವತ್ತಿನ ಗೋಲಿಗಳಲ್ಲಿ ಕುಳ್ಳ. 2019ರ ಆಯ್ಕೆಯಲ್ಲಿ 214ನೆಯವರಾಗಿ, ಹೆಚ್ಚುಕಮ್ಮಿ ಕೊನೆಯಲ್ಲಿ ಆಯ್ಕೆಯಾಗಿ ಈಗ ಕ್ಯಾಲ್ಗರಿಯ ಗೋಲಿ.

ಇನ್ನು ಮನಸ್ಸಿನ ವಿಷಯ. ಡಾಲಸ್ ಮಕ್ಕಳ ಹೀರೋ ಜೇಕ್ ಆಟಿಂಜರ್, ಸೀಡರ್ ಪಾರ್ಕಿನಲ್ಲಿ ಆಡಿ ಮೇಲೆ ಬಂದವರು. 2022ರ ಮೇ 15ರಂದು ಕ್ಯಾಲ್ಗರಿ ವಿರುದ್ಧ ಏಳನೇ ಪಂದ್ಯದಲ್ಲಿ 67 ಹೊಡೆತಗಳಲ್ಲಿ 64 ತಡೆದರು. ತಂಡ 3-2ರಿಂದ ಸೋತಿತು. 2025ರ ಮೇ ತಿಂಗಳಲ್ಲಿ ಎಡ್ಮಂಟನ್ ವಿರುದ್ಧ ಡಾಲಸ್‌ನಲ್ಲೇ ನಡೆದ ಐದನೇ ಪಂದ್ಯದಲ್ಲಿ ಮೊದಲ ಎರಡು ಹೊಡೆತಕ್ಕೆ ಎರಡು ಗೋಲ್ ಬಿದ್ದವು. ಎಂಟು ನಿಮಿಷವೂ ಆಗುವ ಮೊದಲೇ ಕೋಚ್ ಪೀಟ್ ಡಿಬೋರ್ ಅವರನ್ನ ಹೊರಗೆ ಕರೆದರು. ಸರಣಿ ಅಲ್ಲಿಗೇ ಮುಗಿಯಿತು. ಆ ತೀರ್ಮಾನದ ಬಗ್ಗೆ ಊರೆಲ್ಲ ಚರ್ಚೆ, ಜೂನ್‌ನಲ್ಲಿ ಕೋಚ್ ಕೆಲಸವೂ ಹೋಯಿತು. ಅದೊಂದೇ ಕಾರಣ ಅಂತ ನಾನು ಹೇಳ್ತಿಲ್ಲ.

ವೃತ್ತಿಪರರಿಗೆ ಅದು ನೌಕರಿ. ಹತ್ತು ವರ್ಷದ ಮಗುವನ್ನ ಎಲ್ಲರೆದುರು ಬಲೆಯಿಂದ ಹೊರಗೆ ಕರೆದರೆ ಅದು ಕಲಿಯೋದು ಕೋನ ಅಲ್ಲ, ಹೆದರಿಕೆ. ಹೆದರಿದ ಗೋಲಿ ಹಿಂದೆ ಸರಿದು ಗೆರೆಗೆ ಅಂಟಿಕೊಳ್ಳುತ್ತೆ, ಬೇಗ ಕುಸಿಯುತ್ತೆ. ಆಗ ಮೊದಲು ಹೇಳಿದ ತ್ರಿಭುಜದ ಲೆಕ್ಕ ಪೂರ್ತಿ ತಲೆಕೆಳಗು. ಇಬ್ಬರು ಗೋಲಿಗಳಿದ್ದರೆ ಯಾರು ಎಷ್ಟು ಹೊತ್ತು ಅಂತ ಪಂದ್ಯಕ್ಕೆ ಮುಂಚೆಯೇ ಗೊತ್ತು ಮಾಡಿ, ಏನೇ ಆದರೂ ಅದಕ್ಕೇ ನಿಲ್ಲೋದು ಮೇಲು. ಮಕ್ಕಳ ಪಂದ್ಯದಲ್ಲಿ ನೂರಕ್ಕೆ ಎಷ್ಟು ತಡೆದರು ಅನ್ನೋ ಅಂಕಿಗೂ ದೊಡ್ಡ ಅರ್ಥ ಇಲ್ಲ. ದೂರದಿಂದ ಬಂದ ಸಪ್ಪೆ ಹೊಡೆತಗಳನ್ನ ತಡೆದು 95 ಗಳಿಸಬಹುದು, ಕಾವಲೇ ಇಲ್ಲದ ತಂಡದಲ್ಲಿ ಅದ್ಭುತವಾಗಿ ಆಡಿ 80 ಬರಬಹುದು. ಕಾರಲ್ಲಿ ವಾಪಸ್ ಬರೋವಾಗ "ಎಷ್ಟು ಗೋಲ್ ಬಿಟ್ಟೆ ಪುಟ್ಟಾ?" ಅನ್ನೋದಕ್ಕಿಂತ "ಯಾವ ಹೊಡೆತ ಮುಂಚೆಯೇ ಗೊತ್ತಾಯ್ತು?" ಅಂತ ಕೇಳಿ ನೋಡಿ. ಮಾತು ಮನೆ ತಲುಪೋವರೆಗೂ ಮುಗಿಯಲ್ಲ.

ಕೊನೆಯದಾಗಿ ಸಾಮಾನಿನ ಮಾತು. ಪ್ಯಾಡ್, ಮುಖವಾಡ, ಎದೆಗವಚ ಎಲ್ಲ ದುಬಾರಿ, ಮಗು ಎರಡು ವರ್ಷಕ್ಕೆ ಬೆಳೆದುಬಿಡುತ್ತೆ. ಯೂನಿಫಾರ್ಮ್ ಹೊಲಿಸೋ ಹಾಗೆ "ಮುಂದಿನ ವರ್ಷಕ್ಕೂ ಆಗ್ಲಿ" ಅಂತ ಎರಡು ಸೈಜ್ ದೊಡ್ಡ ಪ್ಯಾಡ್ ಕೊಳ್ಳೋ ಮನಸ್ಸಾಗುತ್ತೆ. ಗೋಲಿ ಪ್ಯಾಡ್‌ನಲ್ಲಿ ಮಂಡಿ ಬೀಳೋಕೆ ಅಂತಲೇ ಒಳಬದಿಯಲ್ಲಿ ದಪ್ಪ ಮೆತ್ತೆ ಇರುತ್ತೆ. ಪ್ಯಾಡ್ ಉದ್ದವಾದರೆ ಮಂಡಿ ಆ ಮೆತ್ತೆ ತಪ್ಪಿ ಬೀಳುತ್ತೆ, ಪ್ಯಾಡ್ ಸರಿಯಾಗಿ ತಿರುಗಲ್ಲ, ತಿರುಗದ ಪ್ಯಾಡನ್ನ ತಿರುಗಿಸೋ ಹೊರೆ ಸೊಂಟಕ್ಕೆ ಬೀಳುತ್ತೆ. ಅಳತೆಗೆ ಸರಿಯಾದ, ಇನ್ನೊಂದು ಮಗು ಬಳಸಿಬಿಟ್ಟ ಪ್ಯಾಡ್ ಇದಕ್ಕಿಂತ ಎಷ್ಟೋ ವಾಸಿ. ಕೊಳ್ಳೋ ಮುಂಚೆ ಮಗುವಿಗೆ ಸ್ಕೇಟ್ ಸಮೇತ ಕಟ್ಟಿಸಿ, ಅಂಗಡಿಯ ರಬ್ಬರ್ ನೆಲದ ಮೇಲೆ ಒಮ್ಮೆ ಮಂಡಿಯೂರಿಸಿ, ಮಂಡಿ ಎಲ್ಲಿ ಕೂತಿತು ಅಂತ ಬಗ್ಗಿ ನೋಡಿ.